ಆರುವಾಗಿನ ರೀಡಿಂಗು

ಚಹಾ ಕುಡಿಯುವುದರಲ್ಲಿ ಅವರಷ್ಟು ನಿಧಾನಸ್ಥರನ್ನು ನಾನು ಇನ್ನೂ ಕಂಡಿಲ್ಲ. ಹಾನಗಲ್ಲಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಚಹಾ ಬಂದ ಕೂಡಲೇ ಉಳಿದವರೆಲ್ಲ ಬಸಿಗೆ ಸುರಿದು ಸೊರ್ ಎಂದು ಹೀರಿ ಕ್ಲಾಸಿಗೆ ಓಡುತ್ತಿದ್ದರು. ಇವರು ಮಾತ್ರ ಕಪ್ಪನ್ನು ಎದುರಿಗಿಟ್ಟುಕೊಂಡು, ಅದರ ಮೇಲೆ ಕೆನೆ ಕಟ್ಟುವವರೆಗೆ ಸುಮ್ಮನೆ ಕೂತಿರುತ್ತಿದ್ದರು. ಆಮೇಲೆ ಕೆನೆಯನ್ನು ಚಮಚದಿಂದ ಒಂದು ಬದಿಗೆ ಸರಿಸಿ ಕುಡಿಯುವುದು. "ಸರ, ಅದು ಈಗ ಚಹಾ ಅಲ್ರೀ, ಕಷಾಯ" ಎಂದು ನಾನು ಕಾಡಿಸಿದರೆ, "ಬಿಸಿ ಇದ್ದಾಗ ರುಚಿ ಗೊತ್ತಾಗೂದಿಲ್ಲ ಬಾಯಾರ, ನಾಲಿಗಿ ಸುಡೂದಷ್ಟ ಗೊತ್ತಾಗತದ. ಆರಲಿ ಬಿಡ್ರಿ" ಎನ್ನುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು 'ಬಾಯಾರ' ಎಂದೇ ಕರೆಯುವುದು.

ಈ 'ಆರಲಿ ಬಿಡ್ರಿ' ಎಂಬ ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು. ಪ್ರಿನ್ಸಿಪಾಲರು ಯಾವುದೋ ಕಾಗದ ಹಿಡಿದು ಕೂಗಾಡುತ್ತ ಬಂದರೂ ಅದೇ, ಹುಡುಗರು ಜಗಳವಾಡಿ ಅಂಗಿ ಹರಿದುಕೊಂಡು ಬಂದರೂ ಅದೇ. ಅವರನ್ನು ಕೆರಳಿಸಬೇಕೆಂದು ಹೊರಟವರು ತಾವೇ ಕೆರಳಿ, ತಾವೇ ತಣ್ಣಗಾಗಿ ಹೋಗುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಸವಣೂರಿನ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಸುದ್ದಿಯ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ನಾನೂ ಒಂದು ಹಾಕಿದೆ. ಹಾಕಿ, ಫೋನನ್ನು ಮಗುಚಿಟ್ಟು, ರೊಟ್ಟಿ ಬಡಿಯಲು ಕೂತೆ. ಬಡಿದ ರೊಟ್ಟಿಗಳೆಲ್ಲ ಹರಿದು ಹೋದವು. ಕೊನೆಗೆ ನಮ್ಮ ಮನೆಯವರೇ ಬಂದು ಒಲೆ ಆರಿಸಿ, "ಇವತ್ತ ಅನ್ನ ಸಾಕು ಬಿಡು" ಎಂದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ, ಹೋದ ಮೇಲೆ ಆ ಸಲಿಗೆ ಬೇಡ. ನಿಮಗೆ ಅವರು ಏನಾಗಬೇಕು ಎಂದು ಯಾರಾದರೂ ಕೇಳಿದರೆ 'ಫಿಜಿಕ್ಸ್ ವಿಭಾಗದಲ್ಲಿ ಜತೆಗಿದ್ದರು' ಎನ್ನುತ್ತೇನೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಖರೆಯೂ ಅಲ್ಲ. ನಾನು ಅವರನ್ನು ಮದುವೆಯಾಗಬೇಕೆಂದಿದ್ದೆ. ಅವರಿಗೂ ಆ ಮನಸ್ಸಿತ್ತೋ ಇಲ್ಲವೋ ಎಂಬುದು ಮಾತ್ರ ಇಷ್ಟು ವರ್ಷ ನನಗೆ ಗೊತ್ತಾಗಿರಲಿಲ್ಲ. ಮಕ್ಕಳಾಗಿ, ಮಕ್ಕಳಿಗೆ ಮದುವೆಯಾಗಿ, ಇನ್ನೇನು ನಾನೂ ನಿವೃತ್ತಳಾಗುವ ಹೊತ್ತು ಬಂದರೂ ಆ ಒಂದು ಪ್ರಶ್ನೆ ಚಪ್ಪಲಿಯೊಳಗೆ ಹೊಕ್ಕ ಹರಳಿನ ಹಾಗೆ ಆಗೀಗ ಒತ್ತುತ್ತಲೇ ಇತ್ತು.

ಕಾಲೇಜಿಗೆ ನಾವಿಬ್ಬರೂ ಬೇರೆ ಬೇರೆ ದಿಕ್ಕಿನಿಂದ ಬರುವವರು. ನಾನು ಹಿರೇಕೆರೂರು ಕಡೆಯವಳು. ನಮ್ಮದು ಹತ್ತಿ, ಗೋವಿನಜೋಳ ಬೆಳೆಯುವ ಮನೆ. ಆ ಮನೆಯಲ್ಲಿ ಎಮ್ಮೆಸ್ಸಿ ಎಂದರೆ ಏನೆಂದು ತಿಳಿಯದಿದ್ದರೂ 'ನಮ್ಮ ಹುಡುಗಿ ಎಮ್ಮೆಸ್ಸಿ ಆಗ್ಯಾಳ' ಎಂದು ಅಪ್ಪ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅವರದು ಸವಣೂರಿನ ಆಚಾರ್ಯರ ಮನೆ. ತಂದೆ ಸಂಸ್ಕೃತ ಪಂಡಿತರು, ಅಜ್ಜ ಅವರಿಗಿಂತ ದೊಡ್ಡ ಪಂಡಿತರು. ಮನೆಯಲ್ಲಿ ಮಡಿ, ಏಕಾದಶಿ, ಎಲ್ಲವೂ ಕಟ್ಟುನಿಟ್ಟು. ಅವರ ಬಾಯಲ್ಲಿ 'ಅದ', ನನ್ನ ಬಾಯಲ್ಲಿ 'ಐತಿ'. ನಡುವೆ ಎಷ್ಟು ದೂರವಿತ್ತೆಂಬುದು ಬಸ್ಸಿನ ಟಿಕೀಟು ನೋಡಿದರೆ ತಿಳಿಯುವಂಥದಲ್ಲ.

ನೋಡಲು ತೆಳ್ಳಗೆ, ಎತ್ತರ. ಹಣೆಯ ಮೇಲೆ ಹತ್ತಿರ ಹೋದರಷ್ಟೇ ಕಾಣುವ ಗಂಧದ ಗುರುತು. ಯಾವ ವಸ್ತುವನ್ನಾದರೂ ಮೊದಲು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡುವುದು ಅವರ ಅಭ್ಯಾಸ. ತಾಯಂದಿರು ಮಕ್ಕಳ ಜ್ವರ ನೋಡುತ್ತಾರಲ್ಲ, ಹಾಗೆ. ಬಿಸಿಲಲ್ಲಿ ನಿಂತ ಬಸ್ಸಿನ ಸೀಟು, ಹುಡುಗರು ಕೂಡಿಸಿಟ್ಟ ಸರ್ಕೀಟು, ಕೊಟ್ಟ ಚಹಾದ ಕಪ್ಪು, ಎಲ್ಲಕ್ಕೂ ಆ ಬೆರಳಿನ ಪರೀಕ್ಷೆಯಾಗಬೇಕು.

ಅವರು ಅರೆವಾಹಕಗಳ, ಅಂದರೆ ಸೆಮಿಕಂಡಕ್ಟರುಗಳ, ಬೆನ್ನು ಬಿದ್ದದ್ದು ಮನೆಯ ಒಂದು ರೇಡಿಯೋದಿಂದ. ತಂದೆಯವರಿಗೆ ಮಧ್ಯಾಹ್ನದ ಸುದ್ದಿ ಕೇಳುವ ಚಟ. ಚಳಿಗಾಲದಲ್ಲಿ ಗಂಟೆ ಬಾರಿಸಿದಂತೆ ಮಾತಾಡುತ್ತಿದ್ದ ಆ ಟ್ರಾನ್ಸಿಸ್ಟರ್ ರೇಡಿಯೋ, ಬೇಸಿಗೆ ಬಂತೆಂದರೆ ಮಧ್ಯಾಹ್ನಕ್ಕೆ ಗೊರಗೊರ ಎನ್ನತೊಡಗುತ್ತಿತ್ತಂತೆ. ಸಂಜೆಯಾದರೆ ಮತ್ತೆ ನೆಟ್ಟಗೆ. ತಾಯಿ ಅದಕ್ಕೆ ಹಸಿ ಪಂಚೆ ಹೊದಿಸಿ ದೇವರ ಕೋಣೆಯ ತಣ್ಣನೆಯ ಕಲ್ಲಿನ ಮೇಲೆ ಇಡುತ್ತಿದ್ದರು. ಒಂದು ವೈಶಾಖದಲ್ಲಿ ತಂದೆಗೆ ತಾಳ್ಮೆ ತಪ್ಪಿ, ದನಿಯನ್ನು ಪೂರ್ತಿ ಏರಿಸಿಬಿಟ್ಟರು. ಸುಟ್ಟ ವಾಸನೆ ಬಂತು. ಆಮೇಲೆ ಆ ರೇಡಿಯೋ ಮಾತಾಡಲಿಲ್ಲ.

"ಅದರಾಗ ಇದ್ದದ್ದು ಜರ್ಮೇನಿಯಂ ಅನ್ನೂ ಅರೆವಾಹಕ" ಎಂದು ಪ್ರತಿವರ್ಷ ಹೊಸ ಹುಡುಗರಿಗೆ ಹೇಳುತ್ತಿದ್ದರು. "ಕಾದಷ್ಟೂ ಕರಂಟು ಹೆಚ್ಚು ಹರೀತದ, ಹರದಷ್ಟೂ ಮತ್ತ ಕಾಯ್ತದ. ಒಂದಕ್ಕೊಂದು ಕುಮ್ಮಕ್ಕು ಕೊಟಗೋತ ಕಡೀಕ ಸುಟ್ಟಹೋಗತದ. ನಡುವ ಒಂದು ಚಲೋ ರೆಸಿಸ್ಟನ್ಸ್ ಇದ್ದಿದ್ರ ಉಳೀತಿತ್ತು." ಹುಡುಗರು ನಗುತ್ತಿದ್ದರು. ಇವರು ನಗುತ್ತಿರಲಿಲ್ಲ. ಆ ಸುಟ್ಟ ವಾಸನೆಯ ಹೆದರಿಕೆ ಚಿಕ್ಕಂದಿನಲ್ಲೇ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು ಎಂದು ನನಗೆ ಈಗ ಅನಿಸುತ್ತದೆ.

ಪಾಠ ಮಾಡುವಾಗ ಬೇರೆಯೇ ಮನುಷ್ಯ. ಕಾದರೆ ತಂತಿಯಲ್ಲಿ ಕರಂಟು ಕಡಿಮೆಯಾಗುತ್ತದೆ, ಅರೆವಾಹಕದಲ್ಲಿ ಮಾತ್ರ ಹೆಚ್ಚುತ್ತದೆ, ಯಾಕೆ? ಪುಸ್ತಕದಲ್ಲಿ ಇದಕ್ಕೆ ಎರಡು ಪುಟದ ವಿವರಣೆಯಿದೆ. ಅವರು ಪುಸ್ತಕ ಮುಚ್ಚಿ ಹಿರೇಕೆರೂರಿನ ಸಂತೆಗೆ ಹೋಗಿಬಿಡುತ್ತಿದ್ದರು. "ತಾಮ್ರ ಅಂದ್ರ ಸಂತಿ ಅಂತ ತಿಳೀರಿ. ಮಂದಿ ಮೊದಲ ದಾರ್ಯಾಗ ಅದ. ಅಡ್ಡಾಡಲಿಕ್ಕೆ ಯಾರನ್ನೂ ಎಬ್ಬಸೂದು ಬ್ಯಾಡ. ಆದ್ರ ಸೆಕಿ ಹೆಚ್ಚಾಗಿ ಅಂಗಡಿಯವರೆಲ್ಲ ತಮ್ಮ ಜಾಗಾದಾಗ ಕುಣೀಲಿಕ್ಕೆ ಹತ್ತಿದ್ರ? ಹಾದು ಹೋಗೂದು ತ್ರಾಸ. ಅದಕ್ಕ ಲೋಹ ಕಾದ್ರ ಕರಂಟು ಕಡಿಮಿ." ಆಮೇಲೆ ಸಂತೆಯಿಂದ ಬಸ್ಸು ಹತ್ತುತ್ತಿದ್ದರು. "ಅರೆವಾಹಕ ಅಂದ್ರ ಸೀಟು ತುಂಬಿದ ಬಸ್ಸು. ಎಲ್ಲಾರೂ ಕೂತಾರ, ಯಾರೂ ಮಿಸುಗಾಡೂಹಂಗಿಲ್ಲ. ಸೆಕಿ ತಡೀಲಾರದ ಒಬ್ಬಾಂವ ಎದ್ದು ಟಾಪಿಗೆ ಹತ್ತತಾನ. ಟಾಪಿನ್ಯಾಗ ಅಂವಗ ಬೇಕಾದಷ್ಟು ಜಾಗಾ. ಇತ್ತ ಕೆಳಗ ಅವನ ಖಾಲಿ ಸೀಟಿಗೆ ಬಾಜೂದಾಂವ ಸರೀತಾನ, ಇವನ ಸೀಟಿಗೆ ಮತ್ತೊಬ್ಬ. ಅಂದ್ರ ಖಾಲಿ ಸೀಟೂ ನಡದಂಗ ಆತಿಲ್ಲೋ? ಟಾಪಿಗೆ ಹತ್ತಿದಾಂವನ್ನೂ ಲೆಕ್ಕಕ್ಕ ಹಿಡೀರಿ, ಅಂವ ಬಿಟ್ಟುಹೋದ ಜಾಗಾನೂ ಲೆಕ್ಕಕ್ಕ ಹಿಡೀರಿ. ಸೆಕಿ ಹೆಚ್ಚಾದಷ್ಟೂ ಏಳಾವ್ರು ಹೆಚ್ಚು."

ಬಾಗಿಲ ಬಳಿ ನಿಂತು ನಾನೂ ಈ ಪಾಠ ಕೇಳಿದ್ದೇನೆ. ನನಗೆ ಅಷ್ಟು ಹೊತ್ತು ಕ್ಲಾಸಿರುತ್ತಿರಲಿಲ್ಲ ಎಂದಲ್ಲ.

ನಮ್ಮ ಲ್ಯಾಬಿನಲ್ಲಿ ಇದೇ ವಿಷಯಕ್ಕೆ ಒಂದು ಪ್ರಯೋಗವಿತ್ತು. ಥರ್ಮಿಸ್ಟರ್ ಎಂಬ ಸಣ್ಣ ಕರಿಮಣಿ, ಅದಕ್ಕೆ ಎರಡು ತಂತಿ. ಮಣಿಯನ್ನೂ ಥರ್ಮಾಮೀಟರನ್ನೂ ಎಣ್ಣೆ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿ, ಕೊಳವೆಯನ್ನು ನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಕಾಯಿಸುವುದು. ಕಾದ ಮೇಲೆ ಒಲೆ ಆರಿಸಿ, ತಣ್ಣಗಾಗುತ್ತ ಬಂದಂತೆ ಯಾವ ಉಷ್ಣತೆಗೆ ಎಷ್ಟು ಕರಂಟು ಎಂದು ಬರೆದುಕೊಳ್ಳುವುದು. ಕಾದಾಗ ಸಲೀಸಾಗಿ ಬಿಡುತ್ತಿದ್ದ ಮಣಿ ಆರುತ್ತ ಆರುತ್ತ ಬಿಗಿಯಾಗುತ್ತದೆ, ಮೀಟರಿನ ಮುಳ್ಳು ಹಿಂದಕ್ಕೆ ಜಾರುತ್ತದೆ.

ಕಾಯಿಸುವಾಗಲೇ ಯಾಕೆ ಬರೆದುಕೊಳ್ಳಬಾರದು ಎಂದು ಬಸ್ಸಿನ ಹೊತ್ತಾದ ಹುಡುಗರು ಕೇಳುತ್ತಿದ್ದರು. ಆರುವುದೆಂದರೆ ಗಂಟೆಗಟ್ಟಲೆ ಕೆಲಸ. ಅವರು ಒಪ್ಪುತ್ತಿರಲಿಲ್ಲ. "ಬೆಂಕಿ ಮ್ಯಾಲೆ ಇದ್ದಾಗ ಮಣಿ ಒಂದ್ ಬಿಸಿ ಇರತದ, ಥರ್ಮಾಮೀಟರ್ ಇನ್ನೊಂದ್ ಬಿಸಿ ತೋರಸತದ. ಎರಡಕ್ಕೂ ತಾಳ ಕೂಡೂದಿಲ್ಲ. ಆರುವಾಗ ಸಾವಕಾಶ ಆರತಾವ, ಎರಡೂ ಜೋಡೀಲೆ ಇಳೀತಾವ. ಆರುವಾಗಿನ ರೀಡಿಂಗೇ ಖರೇ." ಕದ್ದು ಬರೆದವರು ಗ್ರಾಫು ತಂದಾಗ ಒಂದು ನೋಟಕ್ಕೆ ಹಿಡಿಯುತ್ತಿದ್ದರು. "ಈ ಗೆರಿ ಬೆಂಕಿ ಮ್ಯಾಲೆ ಎಳದದ್ದು. ನಾಳೆ ಬರ್ರಿ."

ನನ್ನ ಪ್ರೀತಿಯೆಲ್ಲ ನಡೆದದ್ದು ಆ ನೀರು ಆರುವಷ್ಟು ಹೊತ್ತಿನಲ್ಲಿ. ಮೇಜಿನ ಆ ಕಡೆಗೆ ಅವರು, ಈ ಕಡೆಗೆ ನಾನು, ನಡುವೆ ಹಬೆಯಾಡುವ ಪಾತ್ರೆ. ಹುಡುಗರು ಗೊಣಗುತ್ತ ಮುಳ್ಳು ನೋಡುತ್ತಿದ್ದರೆ ನಾವು ಮಾತಾಡುತ್ತಿದ್ದೆವು. ಅವರು ತಮ್ಮ ಅಕ್ಕನ ಬಗ್ಗೆ, ಸವಣೂರಿನ ದೊಡ್ಡ ಹುಣಸೆಮರದ ಕೆಳಗೆ ಆಡಿದ್ದರ ಬಗ್ಗೆ. ನಾನು ನಮ್ಮ ಹೊಲದ ಬಗ್ಗೆ, ಹತ್ತಿ ಬಿಡಿಸಿ ಬಿಡಿಸಿ ಬಿರಿದ ಅವ್ವನ ಬೆರಳ ಬಗ್ಗೆ. ಬೇಸಿಗೆಯಲ್ಲಿ ನೀರು ಬೇಗ ಆರುವುದಿಲ್ಲ. ಹಾನಗಲ್ಲಿನ ಬೇಸಿಗೆಗೆ ನಾನು ಋಣಿ.

ಒಮ್ಮೆ ನಾನು ಅಂದೆ, "ಸರ, ನೀವು ಜರ್ಮೇನಿಯಂ ಜಾತಿ. ಕಾಯೂತನಕ ಬಾಯಿ ಬಿಡೂದಿಲ್ಲ, ಕಾದ್ರ ನಿಲ್ಲೂದಿಲ್ಲ."

"ಮತ್ತ ನೀವು?"

"ನಾ ತಾಮ್ರರೀ. ಸಿಟ್ಟು ಬಂತಂದ್ರ ಮಾತ ನಿಂತಹೋಗತಾವ."

"ಸುಳ್ಳು" ಎಂದರು. "ನಿಮಗ ಸಿಟ್ಟು ಬಂದ್ರ ಹಾನಗಲ್ ತುಂಬ ಕೇಳಸತದ. ನೀವೂ ನಮ್ಮ ಜಾತೀನ."

ಅಂದವರೇ ಕಿವಿ ಕೆಂಪಗೆ ಮಾಡಿಕೊಂಡು ಥರ್ಮಾಮೀಟರಿನ ಕಡೆ ತಿರುಗಿದರು. ಪಾಪ, ಅದರಲ್ಲಿ ಏನೂ ಬದಲಾಗಿರಲಿಲ್ಲ. ಆ ಒಂದು ಮಾತನ್ನು ಹಿರೇಕೆರೂರಿನವರೆಗೂ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಆಮೇಲೂ ತುಂಬ ದಿನ ಇಟ್ಟುಕೊಂಡಿದ್ದೆ.

ಪ್ರಾಕ್ಟಿಕಲ್ ಪರೀಕ್ಷೆಗಳು ಮುಗಿದ ಒಂದು ಶುಕ್ರವಾರದ ಮಧ್ಯಾಹ್ನ. ಹುಡುಗರು ಹೋಗಿದ್ದರು. ಕೊನೆಯ ತಂಡದ ನೀರು ಇನ್ನೂ ಬಿಸಿಯಿತ್ತು. ಅವರು ಮೇಜಿನ ಮೇಲಿನ ತಂತಿಗಳನ್ನು ಸುತ್ತಿಡುತ್ತಿದ್ದರು.

"ಸರ, ಶಿಗ್ಗಾಂವಿಯಿಂದ ನನ್ನ ನೋಡಾಕ ಬರಾಕತ್ತಾರ" ಎಂದೆ.

ತಂತಿ ಸುತ್ತುವ ಕೈ ನಿಂತಿತು. "ಯಾವಾಗ?"

"ಈ ಐತವಾರ. ನಮ್ಮಪ್ಪ ಬರ್ರಿ ಅಂತ ಹೇಳಿಬಿಟ್ಟಾನ."

ತಂತಿಯ ತುದಿಯನ್ನು ಸುರುಳಿಗೆ ಸಿಗಿಸಿ, "ಹುಡುಗ ಏನ್ ಮಾಡತಾನ?" ಎಂದು ಕೇಳಿದರು.

ಆ ಪ್ರಶ್ನೆ ನನ್ನ ಮೈಗೆ ಬೆಂಕಿ ಹಚ್ಚಿತು. "ಹುಡುಗ ಏನರ ಮಾಡ್ಲಿ! ನೀವೇನ್ ಮಾಡ್ತೀರಿ, ಅದನ್ನ ಹೇಳ್ರಿ. ಈ ನೀರು ಆರೂದನ್ನ ನೋಡಕೊಂತ ಇನ್ನೆಷ್ಟ್ ವರ್ಷ ನನ್ನ ಎದುರಿಗೆ ಕುಂದರಾವ್ರು? ನಾ ಹೆಣಮಗಳಾಗಿ ಕೇಳಾಕತ್ತೇನಿ. ನಿಮ್ಮ ಮನಸಿನ್ಯಾಗ ಏನೈತಿ ಒಂದ್ ಮಾತಿನ್ಯಾಗ ಹೇಳಿಬಿಡ್ರಿ. ಇಲ್ಲಾಂದ್ರ ಇಲ್ಲ ಅನ್ರಿ, ಮುಗದುಹೋತು."

ಅವರ ಬಾಯಿ ತೆರೆಯಿತು. ನಾನು ಕಂಡೆ. ತುಟಿಯ ತನಕ ಏನೋ ಬಂದಿತ್ತು. ನನ್ನ ಮುಖವನ್ನೇ ನೋಡಿದರು, ಅವರ ಹಣೆ ಬೆವರಿತ್ತು. ಆಮೇಲೆ ಬಾಯಿ ಮುಚ್ಚಿಕೊಂಡು, ತೀರಾ ಮೆಲ್ಲಗೆ, "ಬಾಯಾರ, ಈಗ ನೀವು ಕಾದೀರಿ. ನಾನೂ ಕಾದೀನಿ. ಇಂಥಾ ಹೊತ್ತಿನ್ಯಾಗ ಆಡಿದ್ದು ಖರೇ ಮಾತು ಆಗೂದಿಲ್ಲ. ಸೋಮವಾರ ಮಾತಾಡೋಣು. ಆರಲಿ" ಎಂದರು.

ಸೋಮವಾರ! ನೋಡಲು ಬರುವವರು ಐತವಾರ ಬರುತ್ತಾರೆಂದು ಹೇಳಿ ಇನ್ನೂ ಬಾಯಿ ಮುಚ್ಚಿರಲಿಲ್ಲ ನಾನು. ನನಗೆ ಕೇಳಿಸಿದ್ದು 'ಇಲ್ಲ' ಎಂದು. ಛತ್ರಿ ತಗೊಂಡು ಹೊರಬಿದ್ದೆ. ಬಿಸಿಲಲ್ಲಿ ಅದನ್ನು ಬಿಚ್ಚುವುದೂ ನೆನಪಾಗಲಿಲ್ಲ.

ಸಿಟ್ಟಿನಿಂದ ಮದುವೆಗೆ ಒಪ್ಪಿಕೊಂಡೆ ಎಂದರೆ ನಮ್ಮ ಮನೆಯವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಬಂದವರು ಲೈನ್‌ಮನ್, ಕಂಬ ಹತ್ತುವ ಕೆಲಸದವರು. ಅವಲಕ್ಕಿ ತಿಂದು, ಕೈ ಒರೆಸಿಕೊಂಡು, "ನನಗ ಹುಡುಗಿ ಮನಸಿಗೆ ಬಂದಾಳ. ಅಕಿ ಕಲತಾಕಿ, ನಾ ಅಷ್ಟ್ ಕಲತಿಲ್ಲ. ಅಕೀ ಮನಸಿಗೆ ನಾ ಬಂದೇನೇನು ಅನ್ನೂದನ್ನ ಕೇಳ್ರಿ" ಎಂದು ಎಲ್ಲರೆದುರಿಗೇ ಅಂದರು. ಯಾರಾದರೊಬ್ಬರು ನೇರವಾಗಿ ಮಾತಾಡಲಿ ಎಂದು ಬಾಯಾರಿ ಕೂತವಳಿಗೆ ಅಷ್ಟು ಸಾಕಾಯಿತು. ಅವರು ನಿಜವಾದ ತಾಮ್ರ. ಸಿಟ್ಟು ಬಂದರೆ ಮಾತು ನಿಲ್ಲುತ್ತದೆ, ಉಳಿದಂತೆ ಯಾವಾಗಲೂ ಹರಿಯುತ್ತಿರುತ್ತದೆ. ಅವರ ಜತೆ ಸುಖವಾಗಿಯೇ ಇದ್ದೇನೆ. ಇದನ್ನೂ ಹೇಳಬೇಕು, ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ.

ಸೋಮವಾರ ಅಪ್ಪ ಕೊಡಿಸಿದ ಫೇಡೆಯ ಪೊಟ್ಟಣ ಹಿಡಿದು ಕಾಲೇಜಿಗೆ ಹೋದೆ. ಮುಖದ ಮೇಲೆ ನಗೆ ಹಚ್ಚಿಕೊಂಡಿದ್ದೆ. ಅಳುಮೋರೆ ಅವರಿಗೆ ಕಾಣಬಾರದೆಂದು ಬಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಬಂದ ನಗೆ. ಅವರು ಆ ದಿನ ಮೊದಲೇ ಬಂದು ಕೂತಿದ್ದರು. ಯಾವಾಗಲೂ ಮೊಳೆಗೆ ತೂಗುಹಾಕುತ್ತಿದ್ದ ಕೈಚೀಲ ಅಂದು ಅವರ ತೊಡೆಯ ಮೇಲಿತ್ತು, ಎಂದಿಗಿಂತ ಉಬ್ಬಿತ್ತು. ಚೀಲ ಹಿಡಿದುಕೊಂಡೇ ಎದ್ದು ನಿಂತರು. ಅಷ್ಟರಲ್ಲಿ ಉಳಿದವರೆಲ್ಲ "ಏನ್ರಿ ಬಾಯಾರ, ಏನ್ ಸುದ್ದಿ" ಎಂದು ನನ್ನ ಸುತ್ತ ಮುಗಿಬಿದ್ದರು. ನಾನು ನಗುನಗುತ್ತ ಹೇಳಿದೆ.

ಅವರ ಮುಂದೆ ಪೊಟ್ಟಣ ಹಿಡಿದೆ. ಕಾಲೇಜಿನಲ್ಲಿ ಚಹಾ ಬಿಟ್ಟರೆ ಹೊರಗಿನದು ಏನನ್ನೂ ಮುಟ್ಟದ ಮನುಷ್ಯ. ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಒಂದು ಫೇಡೆ ತಗೊಂಡು ಪೂರ್ತಿ ತಿಂದರು. "ಚಲೋ ಆತು ಬಾಯಾರ" ಎಂದರು. "ಇನ್ನೊಂದು ಕೊಡ್ರಿ."

ಆ ಎರಡನೆಯ ಫೇಡೆಯನ್ನು ನಾನು ವರ್ಷಗಟ್ಟಲೆ ಕ್ಷಮಿಸಲಿಲ್ಲ.

ಹಿರೇಕೆರೂರಿನ ಮದುವೆಗೆ ಬಂದರು. ಒಂದು ಥರ್ಮಾಸ್ ಫ್ಲಾಸ್ಕು ಉಡುಗೊರೆ ಕೊಟ್ಟು, "ಇದರಾಗ ಇಟ್ರ ಲಗೂ ಆರೂದಿಲ್ಲ" ಎಂದರು. ಯಾವಾಗಲೂ ಎಲ್ಲವೂ ಆರಲಿ ಎನ್ನುತ್ತಿದ್ದ ಮನುಷ್ಯನಿಂದ ಈ ಉಡುಗೊರೆ! ಚೇಷ್ಟೆಯೋ ಹರಕೆಯೋ ತಿಳಿಯಲಿಲ್ಲ. ಮುಂದೆ ನನಗೆ ಶಿಗ್ಗಾಂವಿಗೆ ವರ್ಗವಾಯಿತು. ವರ್ಷಕ್ಕೊಮ್ಮೆ ಪೇಪರು ತಿದ್ದುವ ಕಡೆ ಭೇಟಿಯಾದರೆ, "ಥರ್ಮಾಸ್ ಹೆಂಗದ ಬಾಯಾರ?" ಎಂದು ಕೇಳುತ್ತಿದ್ದರು. "ಬಿಸಿ ಇರತೈತ್ರಿ" ಎನ್ನುತ್ತಿದ್ದೆ. ನಮ್ಮ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಒಮ್ಮೆ ಅದರ ಒಳಗಿನ ಗಾಜು ಒಡೆದಾಗ ನಮ್ಮ ಮನೆಯವರೇ ಹುಬ್ಬಳ್ಳಿಗೆ ಹೋಗಿ ಹೊಸದು ಹಾಕಿಸಿಕೊಂಡು ಬಂದರು.

ಅವರು ಮದುವೆಯಾಗಲಿಲ್ಲ. ತಾಯಿಯ ಮಡಿಗೆ ಒಗ್ಗುವ ಹೆಣ್ಣು ಸಿಗಲಿಲ್ಲ ಎಂದು ಕೆಲವರು, ಅವರಿಗೇ ಮನಸ್ಸಿರಲಿಲ್ಲ ಎಂದು ಕೆಲವರು. ನಾನು ದಿನಕ್ಕೊಂದನ್ನು ನಂಬುತ್ತಿದ್ದೆ. ತಾಯಿಗೆ ಹೆದರಿ ಬಾಯಿ ಮುಚ್ಚಿಕೊಂಡರು ಎಂದುಕೊಂಡ ದಿನ ಸಿಟ್ಟು ಬರುತ್ತಿತ್ತು. ನನ್ನ ಮೇಲೆ ಮನಸ್ಸೇ ಇರಲಿಲ್ಲ ಎಂದುಕೊಂಡ ದಿನ ಸಿಟ್ಟೂ ಬರುತ್ತಿರಲಿಲ್ಲ.

ಸುದ್ದಿ ಬಂದು ಹದಿನೈದು ದಿನ ಕಳೆದ ಮೇಲೆ ನಮ್ಮ ಮನೆಯವರೇ, "ಸವಣೂರಿಗೆ ಹೋಗಿ ಮಾತಾಡಿಸಿ ಬರೂಣು ನಡಿ. ಹೋಗದಿದ್ರ ನಿನಗ ಸಮಾಧಾನ ಆಗೂದಿಲ್ಲ" ಎಂದರು. ಬೈಕಿನಲ್ಲಿ ಕರೆದುಕೊಂಡು ಹೋದರು. ಓಣಿಯ ತುದಿಯಲ್ಲಿ ಬೈಕು ನಿಲ್ಲಿಸಿ, "ನೀ ಹೋಗು. ನಾ ಇಲ್ಲೇ ಚಹಾ ಕುಡಿಯಾಕತ್ತಿರತೇನಿ" ಎಂದರು.

ಬಾಗಿಲು ತೆಗೆದವರು ಅವರ ಅಕ್ಕ. ವಯಸ್ಸಾಗಿತ್ತು, ಕಣ್ಣು ಮಾತ್ರ ಅವರವೇ. ನಾನು ಹೆಸರು ಹೇಳುವ ಮೊದಲೇ, "ಹಾನಗಲ್ ಬಾಯಾರೇನು?" ಎಂದರು.

"ಹೌದ್ರಿ. ಹೆಂಗ ಗೊತ್ತಾತ್ರಿ?"

"ಬರ್ರಿ, ಒಳಗ ಬರ್ರಿ. ಒಂದ್ಕಾಲಕ್ಕ ನೀವು ಈ ಮನಿಗೆ ಬರೂದು ಇತ್ತಲಾ!"

ಕೂಡಿಸಿ, ಚಹಾ ಕೊಟ್ಟು, ಎದುರಿಗೆ ಕೂತು ಹೇಳಿದರು. ತಮ್ಮನನ್ನು ಕಳೆದುಕೊಂಡ ದುಃಖದಲ್ಲಿ ಅವರಿಗೆ ಹಳೆಯದೆಲ್ಲ ನಿನ್ನೆಯದಾಗಿತ್ತು. "ಒಂದ್ ಶುಕ್ರವಾರ ಸಂಜೀಕ ಬಂದವನ ಅವ್ವನ ಮುಂದ ಕೂತು ಹೇಳಲಿಕ್ಕೆ ಸುರೂ ಮಾಡಿದ. ಅಂವ ಅಷ್ಟ್ ಮಾತಾಡಿದ್ದು ನಾ ಹುಟ್ಟಾ ನೋಡಿರಲಿಲ್ಲ. ಅಪ್ಪ ಎದ್ದು ಹೊರಗ ಹೋದ್ರು. ಅವ್ವ ಶನಿವಾರ ಇಡೀ ದಿನ ಊಟಾ ಮಾಡಲಿಲ್ಲ. ಇಂವನೂ ಮಾಡಲಿಲ್ಲ. ರವಿವಾರ ಪೂಜಿ ಆದಮ್ಯಾಲ ಕರದು, 'ಹುಡುಗಿ ಹೆಂಗಿದ್ದಾಳೋ?' ಅಂತ ಕೇಳಿದ್ಲು. ಇಂವ, 'ಭಾಳ ಖಡಕ್ ಇದ್ದಾಳವ್ವ' ಅಂದ. ಅವ್ವ ನಕ್ಕುಬಿಟ್ಲು. 'ಹಂಗಾದ್ರ ಈ ಮನಿಗೆ ಬೇಕು' ಅಂದ್ಲು."

ನಾನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಸೋಮವಾರ ಮುಂಜಾನೆ ಅವ್ವ ತನ್ನ ಕೈಯಾರೆ ಕುಪ್ಪಸದ ಖಣಾ, ತೆಂಗಿನಕಾಯಿ, ಎಲಿ ಅಡಕಿ ಚೀಲದಾಗ ಇಟ್ಟು ಕಟ್ಟಿ ಕೊಟ್ಲು. ಕೊಟ್ಟು ಬಾ, ಮುಂದಿಂದು ನಾ ಅವರ ಮನಿಗೆ ಹೋಗಿ ಮಾತಾಡತೇನಿ ಅಂತ. ಸಂಜೀಕ ಅದನ್ನೆಲ್ಲ ಹಂಗ ವಾಪಸ್ ತಂದ. ಮರುದಿನ ಕಾಯಿ ಒಡದು ಚಟ್ನಿ ಮಾಡಿದ್ವಿ. ಖಣಾ ನಾನ ಹೊಲಿಸಿಕೊಂಡೆ. ಹಸರ ಬಣ್ಣದ್ದು, ಚಲೋ ಇತ್ತು."

"ಅವತ್ತಿನ್ನೂ ಲಗ್ನ ಆಗಿರಲಿಲ್ಲಲ್ರೀ ಅಕ್ಕಾರ" ಎಂದೆ. "ಬರೇ ಮಾತಾಗಿತ್ತು. ಒಂದ್ ಮಾತು ಹೇಳಿದ್ರ ಸಾಕಿತ್ತಲ್ರೀ. ಯಾಕ ಹೇಳಲಿಲ್ರಿ ಅವರು?"

"ನಾನೂ ಹಂಗ ಬೈದೆನವ್ವಾ. ಅದಕ್ಕ ಅಂವ ಏನಂದ ಗೊತ್ತೇನು? 'ಅವತ್ತು ಅವರು ಕಾದಿದ್ರು ಅಕ್ಕ. ಇವತ್ತು ನಗಕೋತ ಬಂದು ಫೇಡೆ ಕೊಟ್ರು. ಆರ್ಯಾರ. ಆರಿದಮ್ಯಾಲಿಂದೇ ಖರೇ' ಅಂದ. ನನಗ ಅವನ ಮಾತು ಆಗಲೂ ತಿಳೀಲಿಲ್ಲ, ಈಗಲೂ ತಿಳಿದಿಲ್ಲ. ನಿಮಗ ತಿಳೀತದೇನು?"

ನನಗೆ ತಿಳಿಯಿತು. ನನಗಷ್ಟೇ ತಿಳಿಯಬಹುದಾದ ಮಾತು ಅದು. ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದ ಆ ಹಾಳು ನಗೆಯನ್ನು ಆ ಮನುಷ್ಯ ರೀಡಿಂಗು ಎಂದು ಬರೆದುಕೊಂಡಿದ್ದರು. ಎದ್ದು ಆ ಮನೆಯ ನಡುವೆ ನಿಂತು ಕೂಗಬೇಕೆನಿಸಿತು. ಸರ, ಮಣಿ ಆರಿದಾಗ ತಡೆಯುವುದೂ ಖರೆ, ಕಾದಾಗ ಬಿಡುವುದೂ ಅಷ್ಟೇ ಖರೆ, ಇದನ್ನು ನಿಮ್ಮಿಂದಲೇ ಕಲಿತೆನಲ್ಲ! ರೀಡಿಂಗು ಸುಳ್ಳಾಗುವುದು ಎರಡೂ ಬೇರೆ ಬೇರೆ ಬಿಸಿಯಲ್ಲಿದ್ದಾಗ ಮಾತ್ರ. ಆ ಶುಕ್ರವಾರ ನಾವಿಬ್ಬರೂ ಒಂದೇ ಬಿಸಿಯಲ್ಲಿದ್ದೆವು. ನೀವೇ ಬಾಯಿಬಿಟ್ಟು ಅಂದಿರಲ್ಲ, ನಾನೂ ಕಾದೀನಿ ಎಂದು. ಅಂದ ಮೇಲೂ ಯಾಕೆ ಬರೆದುಕೊಳ್ಳಲಿಲ್ಲ?

ಕೂಗಲಿಲ್ಲ. ಕೈಯಲ್ಲಿದ್ದ ಚಹಾ ಆರಿ ಮೇಲೆ ಕೆನೆ ಕಟ್ಟಿತ್ತು. ಅದನ್ನು ಹಾಗೆಯೇ ಕುಡಿದು, ಅಕ್ಕನ ಕಾಲಿಗೆ ನಮಸ್ಕಾರ ಮಾಡಿ ಹೊರಬಂದೆ.

ನಮ್ಮ ಮನೆಯವರು ನನ್ನ ಮುಖ ನೋಡಿದರು. ಸವಣೂರಿನ ಕುರುಕಲು ಖಾರದ ಪೊಟ್ಟಣವೊಂದನ್ನು ಕೊಂಡಿಟ್ಟುಕೊಂಡಿದ್ದರು, ಅದನ್ನು ಬೈಕಿನ ಬಾಕ್ಸಿಗೆ ಹಾಕಿದರು. ಊರು ದಾಟಿದ ಮೇಲೆ ತಾವಾಗಿಯೇ ಅಂದರು: "ಲಗ್ನದಾಗ ಅವರು ಬಂದು ನನ್ನ ಕೈ ಹಿಡದಿದ್ರು. ಅಂಥಾ ಬ್ಯಾಸಗ್ಯಾಗ ಕೈ ಹಿಮದಂಗ ಇತ್ತು. ಅವತ್ತ ನನಗ ಅನಸಿತ್ತು."

"ಏನ್ ಅನಸಿತ್ತು?"

"ಇಂಥಾದ್ದ ಅಂತ ಹೇಳಾಕ ಬರೂದಿಲ್ಲ. ಆದ್ರ ಆ ಥರ್ಮಾಸಿನ ಗ್ಲಾಸ್ ಒಡದಾಗ ಹೊಸಾದು ಹಾಕಿಸಿಕೊಂಡು ಬರಬೇಕು ಅನಸ್ತು."

ಬೈಕಿನ ಹಿಂದೆ ಕೂತು ನಾನು ಅಳತೊಡಗಿದೆ. ಯಾರಿಗಾಗಿ ಎಂದು ಕೇಳಿದರೆ ಈಗಲೂ ಹೇಳಲಾರೆ. ಶಿಗ್ಗಾಂವಿ ಬರುವವರೆಗೂ ಅವರು ವೇಗ ಹೆಚ್ಚಿಸಲಿಲ್ಲ, ಹಿಂದೆ ತಿರುಗಿಯೂ ನೋಡಲಿಲ್ಲ.

ಮೊನ್ನೆ ಲ್ಯಾಬಿನಲ್ಲಿ ಅದೇ ಪ್ರಯೋಗ. ನನ್ನ ನೌಕರಿಯುದ್ದಕ್ಕೂ ಹುಡುಗರಿಗೆ ಅವರ ಮಾತನ್ನೇ ಹೇಳಿಕೊಂಡು ಬಂದಿದ್ದೇನೆ, ಆರುವಾಗಿನ ರೀಡಿಂಗೇ ಖರೆ ಎಂದು. ತಡಸ ಊರಿನಿಂದ ಬರುವ ಹುಡುಗಿಯೊಬ್ಬಳು ಆಗಲೇ ಗಡಿಯಾರ ನೋಡುತ್ತಿದ್ದಳು. "ಮೇಡಂ, ಇದು ಆರೂತನಕ ಕುಂತ್ರ ಬಸ್ ಹೋಗತೈತ್ರಿ. ಕಾಯುವಾಗ ತಗೊಂಡ್ರ ನಡೀತೈತೇನ್ರಿ?"

ಅಂಜುತ್ತಲೇ ಕೇಳಿದ್ದಳು. ನನ್ನ ಬೈಗುಳ ಎಲ್ಲರಿಗೂ ಗೊತ್ತು.

ಹೋಗಿ ಅವಳ ಬದಿಗೆ ನಿಂತು ಉರಿಯನ್ನು ಸಣ್ಣದು ಮಾಡಿದೆ. ಕೊಳವೆಯನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿದೆ. "ಎಣ್ಣಿ ಕಲಕಕೊಂತ ಸಾವಕಾಶ ಕಾಯಸು" ಎಂದೆ. "ಎರಡೂ ಒಂದ ಬಿಸಿಗೆ ಬಂದ್ವು ಅನ್ನೂದು ಕಂಡ ಕೂಡ್ಲೇ ಬರಕೋ. ಆಮ್ಯಾಲ ಬರದ್ರಾತು ಅಂತ ಬಿಡಬ್ಯಾಡ."

ಮೀಟರಿನ ಮುಳ್ಳು ಮೆಲ್ಲಗೆ ಮೇಲೇರತೊಡಗಿತು. ಹುಡುಗಿ ಪೆನ್ನು ಹಿಡಿದು ನನ್ನ ಮುಖ ನೋಡಿದಳು.

"ಮೇಡಂ, ಆರಲಿ ಅಂತಿದ್ರಲ್ರೀ ನೀವು?"

"ಅಂತಿದ್ದೆ" ಎಂದೆ. "ಈಗ ಬರಕೋ."